ಸೀಸದ ನಡುವೆ ನ್ಯೂಟ್ರಾನ್ ಲೆಕ್ಕ

ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದ ನ್ಯೂಟ್ರಾನ್ ಮಾಪಕ 1964ರಿಂದ ಎಣಿಸುತ್ತಲೇ ಇದೆ. ನಿಮಿಷಕ್ಕೆ ಸುಮಾರು ಆರು ಸಾವಿರ ನ್ಯೂಟ್ರಾನ್. ಇಷ್ಟು ವರ್ಷ ಒಂದೇ ಬಗೆಯ ಲೆಕ್ಕ ಕೆಡದಂತೆ ಉಳಿದಿರುವುದೇ ಅದರ ಹಿರಿಮೆ.

ಈ ನ್ಯೂಟ್ರಾನ್‌ಗಳ ಮೂಲ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು. ಅವುಗಳಲ್ಲಿ ಬಹುಪಾಲು ಪ್ರೋಟಾನ್‌ಗಳು. ಅವು ನೆಲಕ್ಕೆ ಬರುವುದು ತೀರ ಅಪರೂಪ. ಮೇಲಿನ ಗಾಳಿಯಲ್ಲೇ ನೈಟ್ರೋಜನ್, ಆಕ್ಸಿಜನ್ ನ್ಯೂಕ್ಲಿಯಸ್‌ಗಳಿಗೆ ಬಡಿದು ಅವನ್ನು ಒಡೆಯುತ್ತವೆ. ಅಲ್ಲಿಂದ ಸಿಡಿದ ಕಣಗಳು ಇನ್ನಷ್ಟನ್ನು ಒಡೆಯುತ್ತ ಕೆಳಗಿಳಿಯುತ್ತವೆ. ನೆಲಕ್ಕೆ ತಲುಪುವ ನ್ಯೂಟ್ರಾನ್‌ಗೆ ವಿದ್ಯುದಾವೇಶ ಇಲ್ಲದ್ದರಿಂದ ಅದನ್ನು ನೇರವಾಗಿ ಹಿಡಿಯಲಾಗದು.

ಶಿಕಾಗೋದ ಭೌತವಿಜ್ಞಾನಿ ಜಾನ್ ಸಿಂಪ್ಸನ್ 1940ರ ದಶಕದ ಕೊನೆಯಲ್ಲಿ ಇದಕ್ಕೆ ಸೀಸವನ್ನು ಬಳಸಿಕೊಂಡರು. ವೇಗದ ಕಣವೊಂದು ಸೀಸದ ನ್ಯೂಕ್ಲಿಯಸ್‌ಗೆ ಬಡಿದರೆ, ಆ ನ್ಯೂಕ್ಲಿಯಸ್ ಕಾದು ತನ್ನೊಳಗಿನ ಹಲವು ನ್ಯೂಟ್ರಾನ್‌ಗಳನ್ನು ಹೊರಚೆಲ್ಲುತ್ತದೆ. ಬಂದದ್ದು ಒಂದು, ಎಣಿಕೆಗೆ ಸಿಗಬಹುದಾದದ್ದು ಹಲವು! ಅವು ಪಾಲಿಥೀನ್ ಪದರದಲ್ಲಿರುವ ಹೈಡ್ರೋಜನ್‌ಗೆ ತಾಕಿ ತಾಕಿ ವೇಗ ಕಳೆದುಕೊಳ್ಳುತ್ತವೆ. ಎಣಿಕೆಯ ಕೊಳವೆಯೊಳಗಿನ ಬೋರಾನ್ ಟ್ರೈಫ್ಲೋರೈಡ್ ಅನಿಲದಲ್ಲಿ ಬೋರಾನ್-10 ಅವನ್ನು ನುಂಗಿ, ಲಿಥಿಯಂ ಮತ್ತು ಆಲ್ಫಾ ಕಣವಾಗಿ ಒಡೆಯುತ್ತದೆ. ಈ ಎರಡಕ್ಕೂ ಆವೇಶ ಇರುವುದರಿಂದ ಕೊಳವೆಯೊಳಗಿನ ತಂತಿಯಲ್ಲಿ ವಿದ್ಯುತ್ ಮಿಡಿತ ಏಳುತ್ತದೆ, ಲೆಕ್ಕಕ್ಕೆ ಒಂದು ಸೇರುತ್ತದೆ. ಹೊರಗಿನ ದಪ್ಪ ಪಾಲಿಥೀನ್ ಹೊದಿಕೆ ಸುತ್ತಮುತ್ತಲಿನ ಮಂದಗತಿಯ ನ್ಯೂಟ್ರಾನ್‌ಗಳನ್ನು ಒಳಗೆ ಬಿಡುವುದಿಲ್ಲ.

ಔಲುವಿನಲ್ಲಿ ಸುಮಾರು ಎರಡು ಮೀಟರ್ ಉದ್ದದ ಒಂಬತ್ತು ಕೊಳವೆಗಳಿವೆ. ಒಂದೊಂದಕ್ಕೂ ಒಂದೂವರೆ ಟನ್ನಿಗೂ ಹೆಚ್ಚು ಸೀಸ. ಪಕ್ಕದಲ್ಲಿ ವಾಯುಭಾರಮಾಪಕ ಇರಲೇಬೇಕು. ಗಾಳಿಯ ಒತ್ತಡ ಒಂದು ಮಿಲಿಬಾರ್ ಏರಿದರೆ ಎಣಿಕೆ ಶೇ 0.7ರಷ್ಟು ಕುಸಿಯುತ್ತದೆ, ಅದನ್ನು ಸರಿಪಡಿಸದೆ ಹೋದರೆ ಹವಾಮಾನದ ಏರಿಳಿತವನ್ನೇ ಬಾಹ್ಯಾಕಾಶದ್ದೆಂದು ತಿಳಿಯುವ ಅಪಾಯವಿದೆ.

ಸ್ಥಳವೂ ಮುಖ್ಯ. ದಕ್ಷಿಣ ಭಾರತದ ಮೇಲೆ ಭೂಮಿಯ ಕಾಂತಕ್ಷೇತ್ರ ಕಡಿಮೆ ಶಕ್ತಿಯ ಕಿರಣಗಳನ್ನು ತಿರುಗಿಸಿ ಕಳಿಸುತ್ತದೆ. ಔಲುವಿನಷ್ಟು ಉತ್ತರದಲ್ಲಿ ಆ ತಡೆ ಬಹಳ ಸಡಿಲ. ಅದಕ್ಕೇ ಸೂರ್ಯನ ಚಟುವಟಿಕೆ ಅಲ್ಲಿನ ಎಣಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಸೂರ್ಯಕಲೆಗಳು ಹೆಚ್ಚಾದ ವರ್ಷಗಳಲ್ಲಿ ಸೌರ ಕಾಂತಕ್ಷೇತ್ರ ದೂರದ ಕಿರಣಗಳನ್ನು ತಡೆಯುವುದರಿಂದ ಎಣಿಕೆ ತಗ್ಗುತ್ತದೆ, ಕಲೆಗಳು ಕಡಿಮೆಯಾದಾಗ ಏರುತ್ತದೆ. ಸುಮಾರು ಹನ್ನೊಂದು ವರ್ಷಗಳ ಈ ಲಯವನ್ನು ಔಲು ಮತ್ತೆ ಮತ್ತೆ ದಾಖಲಿಸಿದೆ. ಕೆಲವೊಮ್ಮೆ ಸೂರ್ಯನೇ ಕಣಗಳನ್ನು ಎರಚುತ್ತಾನೆ: 2005ರ ಜನವರಿ 20ರಂದು ನಿಮಿಷಗಳೊಳಗೆ ಎಣಿಕೆ ಎರಡು ಪಟ್ಟನ್ನೂ ಮೀರಿತು.

ಧ್ರುವದ ಸಮೀಪ ಹಾರುವ ವಿಮಾನಗಳ ಸಿಬ್ಬಂದಿಗೆ ತಗಲುವ ವಿಕಿರಣವನ್ನು ಅಂದಾಜಿಸುವವರಿಗೆ ಇಂಥ ಅಂಕಿಗಳು ಬೇಕು. ಔಲು ಅವನ್ನು ಮುಚ್ಚಿಡದೆ ಅಂತರ್ಜಾಲದಲ್ಲಿ ಒದಗಿಸುತ್ತದೆ. ಆಸಕ್ತ ವಿದ್ಯಾರ್ಥಿ ಮನೆಯಲ್ಲೇ ಕುಳಿತು ಈ ಹೊತ್ತಿನ ಎಣಿಕೆಯನ್ನು ದಶಕಗಳ ಹಿಂದಿನದರ ಪಕ್ಕಕ್ಕಿಟ್ಟು ನೋಡಬಹುದು.