ನಿಮ್ಮ ಫೋನಿನ 15 ಅಂಕಿಯೊಳಗೆ ಒಬ್ಬ ಕಾವಲುಗಾರ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ಕೇಳ್ತಾ ಇರೋರಿಗೆ ಇವತ್ತು ಒಂದು ಲೆಕ್ಕ. ನಿಮ್ಮ ನಾಲ್ಕೂ ಊರಿನ ಪಿನ್‌ಕೋಡ್ 581ರಿಂದ ಶುರುವಾಗುತ್ತೆ. ದಾಂಡೇಲಿಯದು 581325, ಹಳಿಯಾಳದ್ದು 581329. ಇವೆರಡರಲ್ಲಿ ಒಂದು, ಶೇಷ ಉಳಿಯದೆ 7ರಿಂದ ಭಾಗವಾಗುತ್ತೆ. ಯಾವುದು?

ಭಾಗಾಕಾರ ಮಾಡೋದೇ ಬೇಡ. ಮೊದಲ ಮೂರು ಅಂಕಿಯಿಂದ ಕೊನೆಯ ಮೂರನ್ನು ಕಳೆಯಿರಿ. 581ರಲ್ಲಿ 329 ಹೋದರೆ 252. ಅದು 7ರ 36 ಪಟ್ಟು. ದಾಂಡೇಲಿಗೆ 256 ಬರುತ್ತೆ, 7ಕ್ಕೆ ಸಿಗಲ್ಲ. ಹಾಗಾಗಿ ಉತ್ತರ ಹಳಿಯಾಳ. ಗುಟ್ಟು ಇರೋದು 1001ರಲ್ಲಿ. 1001 ಅಂದರೆ 7×11×13. 581ನ್ನು ಅದರಿಂದ ಗುಣಿಸಿದರೆ 581581, ಇದು ಹೇಗೂ 7ರಿಂದ ಭಾಗವಾಗುತ್ತೆ. ನಮ್ಮ ಸಂಖ್ಯೆ ಅದಕ್ಕಿಂತ ಎಷ್ಟು ಕಡಿಮೆ ಅಂತ ನೋಡಿದರೆ ಸಾಕು.

ಆದರೆ ಹಳಿಯಾಳದ ಈ ಗುಣ ಬರೀ ಕಾಕತಾಳೀಯ. ಕೊನೆಯ 9ರ ಬದಲು 5 ಒತ್ತಿದರೆ ಪಾರ್ಸೆಲ್ ದಾಂಡೇಲಿ ಹಾದಿ ಹಿಡಿಯುತ್ತೆ, ಸಂಖ್ಯೆ ತುಟಿ ಬಿಚ್ಚಲ್ಲ. 1972ರಲ್ಲಿ ಬಂದ ಪಿನ್‌ಕೋಡಿನಲ್ಲಿ ತಪ್ಪು ಹಿಡಿಯೋ ಅಂಕಿ ಇಲ್ಲ.

ನಿಮ್ಮ ಫೋನಿನಲ್ಲಿ ಇದೆ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ. 15 ಅಂಕಿಯ ಐಎಂಇಐ ಕಾಣುತ್ತೆ. ಫೋನ್ ಕಳೆದರೆ ಅದನ್ನು ಬ್ಲಾಕ್ ಮಾಡಿಸೋಕೆ ಬೇಕಾಗೋದು ಇದೇ, ಎಲ್ಲಾದರೂ ಬರೆದಿಟ್ಟುಕೊಳ್ಳಿ. ಇದರ ಕೊನೆಯ ಅಂಕಿ ಉಳಿದ 14ಕ್ಕೆ ಕಾವಲುಗಾರ. ಎಡದಿಂದ 2ನೇ, 4ನೇ, 6ನೇ, ಹೀಗೆ 14ನೆಯ ತನಕ ಒಂದು ಬಿಟ್ಟು ಒಂದು ಅಂಕಿಯನ್ನು ದುಪ್ಪಟ್ಟು ಮಾಡಿ. 18, 14 ಥರ ಎರಡಂಕಿ ಬಂದರೆ ಆ ಎರಡನ್ನೂ ಕೂಡಿಸಿ. ಈಗ ಎಲ್ಲಾ ಸೇರಿಸಿದರೆ ಮೊತ್ತದ ಕೊನೆಗೆ ಸೊನ್ನೆ ಬರಲೇಬೇಕು. ಉದಾಹರಣೆಗೆ 490154203237518. ದುಪ್ಪಟ್ಟು ಮಾಡಿದವು 30, ಉಳಿದವು 30, ಒಟ್ಟು 60. ಪಾಸ್. ಯಾವುದೇ ಒಂದು ಅಂಕಿ ಬದಲಾದರೂ ಸೊನ್ನೆ ತಪ್ಪುತ್ತೆ.

ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ ಇದು. ಎಟಿಎಂ ಕಾರ್ಡಿನ ಉದ್ದ ನಂಬರಿನಲ್ಲೂ ಇದೇ ಇದೆ. ಒಂದು ದೌರ್ಬಲ್ಯ ಉಂಟು: ಅಕ್ಕಪಕ್ಕದ 09 ಹೋಗಿ 90 ಆದರೆ ಲೂನ್ ಸಾಹೇಬರಿಗೆ ಗೊತ್ತಾಗಲ್ಲ. ಆಧಾರ್‌ನ 12ನೇ ಅಂಕಿ ಇನ್ನೂ ಚುರುಕು. ಅದರ ಹಿಂದಿರೋದು ಡಚ್ ಗಣಿತಜ್ಞ ವರ್ಹೂಫ್ 1969ರಲ್ಲಿ ಕೊಟ್ಟ ವಿಧಾನ. ಪಕ್ಕದ ಅಂಕಿಗಳು ಅದಲುಬದಲಾದರೆ ಅದು ತಪ್ಪದೆ ಹಿಡಿಯುತ್ತೆ. ಹಾಗಂತ ಪಾಸಾದ ನಂಬರೆಲ್ಲ ಅಸಲಿ ಅಂತಲ್ಲ. ಸುಮ್ಮನೆ ಬರೆದ ಹತ್ತರಲ್ಲಿ ಒಂದು ಹೀಗೇ ಪಾಸಾಗುತ್ತೆ.

ಇನ್ನು ನಾವು ದಿನಾ ದುಡ್ಡು ಕಳಿಸೋ 10 ಅಂಕಿಯ ಮೊಬೈಲ್ ನಂಬರ್? ಅದಕ್ಕೆ ಕಾವಲುಗಾರನೇ ಇಲ್ಲ. ಒಂದು ಅಂಕಿ ತಪ್ಪಿದರೂ ಅದು ಇನ್ಯಾರದೋ ನಂಬರ್ ಆಗಿರಬಹುದು. ಯುಪಿಐ ಪಿನ್ ಒತ್ತೋ ಮುಂಚೆ ಸ್ಕ್ರೀನ್ ಮೇಲೆ ಬರೋ ಹೆಸರನ್ನು ಓದಿಕೊಳ್ಳಿ, ಅಲ್ಲಿ ತಾಳೆ ನೋಡೋರು ನೀವೊಬ್ಬರೇ.