ನಿವೃತ್ತ ದಂಪತಿಗಳೂ ವರಮಾನ ತೆರಿಗೆಯೂ

ನಿವೃತ್ತಿಯ ದಿನ ಹಾರ-ತುರಾಯಿಗಳೊಡನೆ ಮನೆಗೆ ಬರುವ ಮೊತ್ತವು ಜೀವಮಾನದ ದುಡಿಮೆಯ ಫಲ. ಅದು ಕೈಸೇರಿದೊಡನೆ ಅನೇಕ ಗೃಹಸ್ಥರು ಅರ್ಧ ಹಣವನ್ನು ಪತ್ನಿಯ ಹೆಸರಿನಲ್ಲಿ ಠೇವಣಿಯಿಡುತ್ತಾರೆ. ಹೀಗೆ ಮಾಡಿದರೆ ತೆರಿಗೆಯೂ ಅರ್ಧವಾಗುವುದೆಂದು ಅವರ ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ?

ಸಂಸಾರದಲ್ಲಿ ಪತಿ-ಪತ್ನಿಯರು ಒಂದೇ ಆದರೂ ವರಮಾನ ತೆರಿಗೆಯ ದೃಷ್ಟಿಯಲ್ಲಿ ಅವರು ಇಬ್ಬರು. 1961ರ ಕಾಯಿದೆಯ ತತ್ವವೂ ಇದೇ. 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ಬಂದ 2025ರ ಕಾಯಿದೆಯ ತತ್ವವೂ ಇದೇ. ಅಮೆರಿಕದಲ್ಲಿ ದಂಪತಿಗಳ ವರಮಾನವನ್ನು ಕೂಡಿಸಿ, ಸಮನಾಗಿ ಹಂಚಿ ತೆರಿಗೆ ವಿಧಿಸುವ ಕ್ರಮ 1948ರಲ್ಲಿ ಬಂದಿತು. ಇಂಗ್ಲೆಂಡಿನಲ್ಲಿ 1990ರವರೆಗೆ ಪತ್ನಿಯ ವರಮಾನವನ್ನು ಪತಿಯದೆಂದೇ ಎಣಿಸುತ್ತಿದ್ದರು. ನಮ್ಮ ನೆರೆಯ ಗೋವೆಯಲ್ಲಿಯೂ ಪೋರ್ಚುಗೀಸ್ ಸಿವಿಲ್ ಸಂಹಿತೆಗೆ ಒಳಪಟ್ಟ ದಂಪತಿಗಳಿಗೆ ವೇತನವನ್ನುಳಿದ ವರಮಾನ ಸಮಪಾಲಾಗಿ ಹಂಚಲ್ಪಡುತ್ತದೆ. ಪುಣೆಯ ನಿವಾಸಿಗಳಿಗೆ ಈ ಯಾವ ಕ್ರಮವೂ ಅನ್ವಯಿಸುವುದಿಲ್ಲ.

ಪತಿ ಕೇಂದ್ರ ಸರಕಾರದ ಕಚೇರಿಯಿಂದಲೂ, ಪತ್ನಿ ಪಿಂಪ್ರಿಯ ಖಾಸಗಿ ಕಾರ್ಖಾನೆಯಿಂದಲೂ ನಿವೃತ್ತರಾದರೆಂದು ಭಾವಿಸೋಣ. ಪತಿಯ ಗ್ರಾಚ್ಯುಯಿಟಿ ಹಾಗೂ ರಜೆಯ ನಗದೀಕರಣಕ್ಕೆ ಪೂರ್ಣ ವಿನಾಯಿತಿಯುಂಟು. ಪತ್ನಿಗೆ ಅವೇ ಬಾಬುಗಳಲ್ಲಿ ನಿಯಮಾನುಸಾರ ಕ್ರಮವಾಗಿ 20 ಲಕ್ಷ ಮತ್ತು 25 ಲಕ್ಷ ರೂಪಾಯಿಗಳವರೆಗೆ ಮಾತ್ರ. ಒಬ್ಬರಲ್ಲಿ ಉಳಿದ ಮಿತಿಯನ್ನು ಇನ್ನೊಬ್ಬರು ಬಳಸುವಂತಿಲ್ಲ. ಪ್ರತಿ ತಿಂಗಳೂ ಬರುವ ಪಿಂಚಣಿಯು ವೇತನವೆಂದೇ ಪರಿಗಣಿತವಾಗಿ ತೆರಿಗೆಗೆ ಒಳಪಡುತ್ತದೆ. ಅದರಲ್ಲಿ ಹೊಸ ಪದ್ಧತಿಯಂತೆ 75,000 ರೂ., ಹಳೆಯ ಪದ್ಧತಿಯಂತೆ 50,000 ರೂ. ಕಳೆಯಲು ಅವಕಾಶವಿದೆ.

ಇನ್ನು ಠೇವಣಿಯ ಮಾತು. ಪತಿ ತನ್ನ 20 ಲಕ್ಷವನ್ನು ಪತ್ನಿಗೆ ಕೊಟ್ಟು, ಆಕೆ ಅದನ್ನು ಶೇ. 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 1,40,000 ರೂ. ಬಡ್ಡಿ ಬರುತ್ತದೆ. ಕೊಡುಗೆಗೆ ತೆರಿಗೆಯಿಲ್ಲ, ಆದರೆ ಬಡ್ಡಿಯನ್ನು ಪತಿಯ ವರಮಾನಕ್ಕೇ ಸೇರಿಸಬೇಕು. ಈ ನಿಯಮ ಹೊಸದಲ್ಲ. 1937ರಲ್ಲಿಯೇ ಅಂದಿನ ಕಾಯಿದೆಗೆ ಇಂತಹ ತಿದ್ದುಪಡಿಯಾಗಿತ್ತು. ಪತ್ನಿಯು ಆ ಬಡ್ಡಿಯನ್ನು ಮತ್ತೆ ಠೇವಣಿಯಿಟ್ಟು ಗಳಿಸುವ 9,800 ರೂ. ಮಾತ್ರ ಆಕೆಯ ವರಮಾನ. ಜಂಟಿ ಖಾತೆಯಲ್ಲಿಯೂ ಹಣ ಯಾರದೋ ತೆರಿಗೆಯ ಹೊಣೆಯೂ ಅವರದೇ. ಆದರೆ ಪತ್ನಿಯ ಸ್ವಂತ ಗ್ರಾಚ್ಯುಯಿಟಿ, ಭವಿಷ್ಯನಿಧಿ, ತವರಿನಿಂದ ಬಂದ ಹಣ ಇವುಗಳ ಬಡ್ಡಿ ಆಕೆಯದೇ. ಆದ್ದರಿಂದ ಇಬ್ಬರ ಹಣವನ್ನೂ ಬೆರೆಸದೆ, ಬೇರೆ ಬೇರೆ ಖಾತೆಗಳಲ್ಲಿಡುವುದು ಜಾಣತನ.

2025-26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ ಸಾಮಾನ್ಯ ವರಮಾನ 12 ಲಕ್ಷ ರೂ. ಮೀರದ ನಿವಾಸಿಗೆ ರಿಯಾಯಿತಿಯ ಫಲವಾಗಿ ತೆರಿಗೆ ಬೀಳದು. ಈ ಮಿತಿ ದಂಪತಿಗಳಿಬ್ಬರಿಗೂ ಪ್ರತ್ಯೇಕ. ಹೀಗಾಗಿ ಅನೇಕರಿಗೆ ತೆರಿಗೆಗಾಗಿ ಹಣ ವರ್ಗಾಯಿಸುವ ಅಗತ್ಯವೇ ಇಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಹಿರಿಯ ನಾಗರಿಕ ದಂಪತಿಗಳ ಆರೋಗ್ಯ ವಿಮೆಯ ಕಂತಿಗೆ 50,000 ರೂ. ತನಕ ಕಡಿತವುಂಟು, ವಿಮೆಯಿಲ್ಲದವರು ನಗದಲ್ಲದೆ ಪಾವತಿಸಿದ ಚಿಕಿತ್ಸಾ ವೆಚ್ಚಕ್ಕೂ ಅದೇ ಮಿತಿ. ಎರಡೂ ಪದ್ಧತಿಗಳಲ್ಲಿ ಲೆಕ್ಕಹಾಕಿ ನೋಡಿಯೇ ಆರಿಸಿಕೊಳ್ಳಬೇಕು.

ಹಾಗಾದರೆ ಪತ್ನಿಯ ಹೆಸರಿನಲ್ಲಿ ಹಣವಿಡುವುದು ವ್ಯರ್ಥವೇ? ಖಂಡಿತ ಅಲ್ಲ. ಅದರ ನಿಜವಾದ ಪ್ರಯೋಜನ ತೆರಿಗೆಯ ಉಳಿತಾಯವಲ್ಲ, ಆಕೆಯ ಭದ್ರತೆ. ಪತಿಯ ನಿಧನಾನಂತರ ತಿಂಗಳಿಗೆ 50,000 ರೂ. ಇದ್ದ ಮೂಲ ಪಿಂಚಣಿ ಕೇಂದ್ರ ಸರಕಾರದ ಸಾಮಾನ್ಯ ದರದಂತೆ 30,000 ರೂ.ಗಳ ಕುಟುಂಬ ಪಿಂಚಣಿಯಾಗಿ ಇಳಿಯಬಹುದು. ಕಾನೂನು ಅದನ್ನು ವೇತನವೆನ್ನದೆ ಇತರ ಮೂಲದ ವರಮಾನವೆನ್ನುತ್ತದೆ. ಆಗ ಸಿಗುವ ಕಡಿತ ಮೂರನೆಯ ಒಂದು ಭಾಗ ಅಥವಾ 25,000 ರೂ., ಯಾವುದು ಕಡಿಮೆಯೋ ಅದು; ಹಳೆಯ ಪದ್ಧತಿಯಲ್ಲಿ ಈ ಮಿತಿ 15,000 ರೂ. ಮಾತ್ರ. ಆದಾಯ ಕುಗ್ಗಿ, ದುಃಖ ತುಂಬಿದ ಅಂತಹ ಹೊತ್ತಿನಲ್ಲಿ ಠೇವಣಿ ರಸೀದಿ ಎಲ್ಲಿದೆ, ನಾಮನಿರ್ದೇಶನವಾಗಿದೆಯೇ ಎಂದು ಆಕೆ ಪರರನ್ನು ಕೇಳುವಂತಾಗಬಾರದು.

ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರು, ಜನ್ಮದಿನಾಂಕ ಸರಿಯಾಗಿವೆಯೇ ನೋಡಿರಿ. ಪಿಂಚಣಿ ಖಾತೆಯನ್ನು ಇಬ್ಬರ ಹೆಸರಿಗೂ ಮಾಡಿಸಿರಿ. ವರ್ಷಕ್ಕೊಮ್ಮೆ ತೆರಿಗೆಯ ಲೆಕ್ಕ ಬರೆಯುವಾಗ ಪತಿ-ಪತ್ನಿಯರು ಜೊತೆಯಲ್ಲಿ ಕುಳಿತು ಕಾಗದಪತ್ರಗಳನ್ನು ಓದಿರಿ. ಕಾಯಿದೆಯು ಲೆಕ್ಕವನ್ನು ಬೇರೆಬೇರೆಯಾಗಿ ಕೇಳಿದರೂ ಅದರ ತಿಳಿವಳಿಕೆ ಇಬ್ಬರಿಗೂ ಸಮನಾಗಿರಲಿ.