ಹಣ ಪಡೆಯಲು ಪಿನ್ ಬೇಡ: ವಿದ್ಯಾರ್ಥಿಗಳ ಕೊಡು-ಕೊಳ್ಳುವಿಕೆಗೆ ಕೆಲವು ಎಚ್ಚರಿಕೆಗಳು

ಚಿಕ್ಕಮಗಳೂರು: ಶೈಕ್ಷಣಿಕ ವರ್ಷ ಮುಗಿಯುತ್ತಿದ್ದಂತೆ ಕಾಲೇಜುಗಳ ಸುತ್ತ ಮತ್ತೊಂದು ಸಂತೆ ಆರಂಭವಾಗುತ್ತದೆ. ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜಿರಲಿ, ಮೂಡಿಗೆರೆಯ ತೋಟಗಾರಿಕೆ ಮಹಾವಿದ್ಯಾಲಯವಿರಲಿ, ಹಿರಿಯರ ಪುಸ್ತಕ, ಕ್ಯಾಲ್ಕುಲೇಟರ್, ಮೊಬೈಲ್, ಸ್ಕೂಟರ್‌ಗಳು ಕಿರಿಯರ ಕೈ ಸೇರುವ ಕಾಲವದು. ಹಿಂದೆ ಪರಿಚಿತರ ನಡುವೆ ನಗದಿನಲ್ಲಿ ಮುಗಿಯುತ್ತಿದ್ದ ಈ ವ್ಯವಹಾರ, 2016ರಲ್ಲಿ ಯುಪಿಐ ಬಂದ ಬಳಿಕ ಅಪರಿಚಿತರಿಗೂ ವಿಸ್ತರಿಸಿದೆ. ವಂಚಕರಿಗೆ ಅವಕಾಶ ದೊರೆತಿರುವುದೂ ಇಲ್ಲಿಯೇ.

ಮೂಲ ನಿಯಮ ಸರಳವಾದುದು. ಯುಪಿಐನಲ್ಲಿ ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ. ಮಾರುವವನು ಕ್ಯೂಆರ್ ಕೋಡ್ ತೋರಿಸಬೇಕೇ ಹೊರತು ಸ್ಕ್ಯಾನ್ ಮಾಡಬೇಕಾಗಿಲ್ಲ. 'ಹಣ ಕಳುಹಿಸಿದ್ದೇನೆ, ಸ್ವೀಕರಿಸಲು ಪಿನ್ ಒತ್ತಿ' ಎನ್ನುವವನು ಕೊಳ್ಳುವವನಲ್ಲ, ಕಳ್ಳ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ 'ಕಲೆಕ್ಟ್' ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ್ದರೂ, ಕ್ಯೂಆರ್ ಕೋಡ್ ಕಳುಹಿಸಿ ಮೋಸಗೊಳಿಸುವ ದಾರಿ ಮುಚ್ಚಿಲ್ಲ. ಖಾತೆಯ ಶಿಲ್ಕು ನೋಡಲೂ ಪಿನ್ ಬೇಕಾಗುತ್ತದೆ; ಆದರೆ ಆ ವಿಚಾರಣೆಯನ್ನು ಖಾತೆದಾರನೇ ಆರಂಭಿಸಿರಬೇಕು.

ಸಿಗ್ನಲ್ ಇಲ್ಲದ ಊರಿನಲ್ಲಿ

ಕಾಫಿ ಸೀಮೆಗೆ ಇನ್ನೊಂದು ತೊಡಕಿದೆ. ಕಳಸ, ಕುದುರೆಮುಖದ ಕಡೆಯ ಕಣಿವೆಗಳಲ್ಲಿ ಸಿಗ್ನಲ್ ದುರ್ಬಲ. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಟವರ್ ಕೂಡ ಮೌನವಾಗುತ್ತದೆ. ಬ್ಯಾಂಕಿನ ಸಂದೇಶ ತಡವಾಗಿ ಬರುವುದನ್ನೇ ನೆಪವಾಗಿಸಿ, 'ನೆಟ್‌ವರ್ಕ್ ಇಲ್ಲ, ನನ್ನ ಪರದೆ ನೋಡಿ' ಎನ್ನಬಹುದು. ಪಾವತಿಯಾದಂತೆ ತೋರಿಸುವ ನಕಲಿ ಆಪ್‌ಗಳೂ ಇವೆ. ಎದುರಿನವನ ಪರದೆ ಸಾಕ್ಷಿಯಲ್ಲ. ತನ್ನ ಖಾತೆಯಲ್ಲಿ ಜಮೆಯಾದ ಹಣವೇ ಸಾಕ್ಷಿ. ಆದ್ದರಿಂದ ವಸ್ತುವಿನ ಹಸ್ತಾಂತರವನ್ನು ಸಿಗ್ನಲ್ ಇರುವ, ನಾಲ್ಕು ಜನ ಓಡಾಡುವ ಸ್ಥಳದಲ್ಲಿ ನಡೆಸುವುದು ಲೇಸು. ಅಂತರ್ಜಾಲವಿಲ್ಲದಿದ್ದರೂ ಕರೆಗೆ ಸಾಕಾಗುವ ಸಿಗ್ನಲ್ ಇದ್ದರೆ, ಬ್ಯಾಂಕಿನಲ್ಲಿ ನೋಂದಾಯಿತ ಸಂಖ್ಯೆಯಿಂದ *99# ಒತ್ತಿ ಶಿಲ್ಕು ತಿಳಿಯಬಹುದು. ಅದೂ ಆಗದಿದ್ದರೆ ನಗದೇ ಮೇಲು.

ಕೊಳ್ಳುವವರಿಗೂ ಎಚ್ಚರ ಅಗತ್ಯ. ವಸ್ತುವನ್ನು ಕಣ್ಣಾರೆ ಕಾಣದೆ ಮುಂಗಡ ಕೊಡಬಾರದು. ಸೈನಿಕನೆಂದು ಹೇಳಿಕೊಂಡು, ಗುರುತಿನ ಚೀಟಿಯ ಚಿತ್ರ ಕಳುಹಿಸಿ, 'ವರ್ಗಾವಣೆಯಾಗಿದೆ, ಸ್ಕೂಟರ್ ಅಗ್ಗಕ್ಕೆ ಕೊಡುತ್ತೇನೆ' ಎನ್ನುವುದು ದೇಶದಾದ್ಯಂತ ಕಂಡುಬಂದ ಹಳೆಯ ತಂತ್ರ. ಹಣ ಕಳುಹಿಸುವ ಮೊದಲು ಆಪ್‌ನಲ್ಲಿ ಕಾಣುವ, ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನು ಓದಬೇಕು.

ಹಣ ಕಡಿತವಾಗಿಯೂ ಎದುರಿನವರಿಗೆ ತಲುಪದಿದ್ದರೆ ಗಾಬರಿಯಾಗಿ ಮತ್ತೆ ಕಳುಹಿಸಬಾರದು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ, ವ್ಯಕ್ತಿಗಳ ನಡುವಿನ ಇಂಥ ವಿಫಲ ಪಾವತಿ ಮರುದಿನದೊಳಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲುತ್ತದೆ.

'ತಪ್ಪಿ ಹೆಚ್ಚು ಹಣ ಬಂದಿದೆ, ಹಿಂದಿರುಗಿಸಿ' ಎಂದು ಅಪರಿಚಿತರು ಕೇಳಿದಾಗಲೂ ಬ್ಯಾಂಕಿನ ಮೂಲಕವೇ ವ್ಯವಹರಿಸಬೇಕು. ಅದು ಬೇರೆಯವರಿಂದ ದೋಚಿದ ಹಣವಾಗಿದ್ದರೆ ವಿದ್ಯಾರ್ಥಿಯ ಖಾತೆಯೇ ಸ್ಥಗಿತಗೊಳ್ಳಬಹುದು. ವಿದ್ಯಾರ್ಥಿವೇತನ, ಕಾಲೇಜು ಶುಲ್ಕದ ಹಣವಿರುವ ಖಾತೆಯನ್ನು ಇಂಥ ಮಾರಾಟಕ್ಕೆ ಬಳಸದೆ, ಅಲ್ಪ ಮೊತ್ತದ ಪ್ರತ್ಯೇಕ ಖಾತೆ ಇಟ್ಟುಕೊಳ್ಳುವುದು ಜಾಣತನ.

ಮೋಸ ಹೋದರೆ

ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಜಿಗಿಯುತ್ತದೆ. ಆದ್ದರಿಂದ ನಾಚಿಕೆ ಬಿಟ್ಟು ತಕ್ಷಣ 1930 ಸಹಾಯವಾಣಿಗೆ ಮತ್ತು ಬ್ಯಾಂಕಿಗೆ ತಿಳಿಸಬೇಕು. ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ಅಥವಾ ಸಮೀಪದ ಠಾಣೆಯಲ್ಲೂ ದೂರು ನೀಡಬಹುದು. ವ್ಯವಹಾರದ ಸಂಖ್ಯೆ, ಸಂಭಾಷಣೆಯ ಸಂದೇಶಗಳನ್ನು ಅಳಿಸಬಾರದು.

ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯು ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆಯಿಂದ ಮುಕ್ತಿ ನೀಡಿತು. ಆದರೆ ಗ್ರಾಹಕನ ಅಜಾಗರೂಕತೆಯಿಂದ ಹೋದ ಹಣಕ್ಕೆ, ಬ್ಯಾಂಕಿಗೆ ತಿಳಿಸುವವರೆಗೆ ಅವನೇ ಹೊಣೆ ಎಂದಿತು. ತಾನೇ ಪಿನ್ ಒತ್ತಿದವನ ಪಾಲಿಗೆ ಹಣ ಮರಳಿ ಪಡೆಯುವುದು ಕಷ್ಟವಾಗುವುದು ಇದರಿಂದಲೇ. ಅಟ್ಟ ಮೇಲೆ ಒಲೆ ಉರಿದು ಪ್ರಯೋಜನವಿಲ್ಲ. ಪಿನ್ ಒತ್ತುವ ಮುನ್ನ ಒಂದು ಕ್ಷಣ ಯೋಚಿಸುವುದೇ ಅಗ್ಗದ ವಿಮೆ.